ಮಿನರ್ವಳ ಬಲಗಡೆ

ಕೌಂಟ್ ಗಲ್ವಾರ್ದಿಗೆ ದೇವತೆಯ ಪಕ್ಕ ನಿಲ್ಲುವ ಆಸೆ ಹುಟ್ಟಿತ್ತು. ಬೊಲೋನ್ಯ ಪಟ್ಟಣದ ದೊಡ್ಡವರಿಗೆ ಈ ಹುಚ್ಚು ಹೊಸದೇನಲ್ಲ. ಚಿತ್ರದ ನಡುವೆ ವಿದ್ಯೆಯ ದೇವತೆ ಮಿನರ್ವ. ಅವಳ ಬಲಗಡೆ, ಅಂದರೆ ಮರ್ಯಾದೆಯ ಜಾಗದಲ್ಲಿ, ಕೌಂಟ್. ಎಡಗಡೆ ದುಡಿಮೆಯ ಸಂಕೇತವಾಗಿ ಕಮ್ಮಾರ ದೇವರು ವಲ್ಕನ್. ದುಡಿಮೆಗೆ ಮುಖವೇಕೆ, ಬೆನ್ನು ಸಾಕು ಎಂದು ಕೌಂಟರ ಅಪ್ಪಣೆ. ಅದನ್ನು ಅಚ್ಚೊತ್ತಲು ತಾಮ್ರದ ತಗಡಿನಲ್ಲಿ ಕೆತ್ತುವ ಕೆಲಸ ಓರ್ಟೆನ್ಸಿಯಾಳದು. ಅಲ್ಲಿಯವರೆಗೆ ಅವಳು ಕೆತ್ತಿದ್ದೆಲ್ಲ ಅಪ್ಪ ಬಾರ್ತೊಲೊನ ಹೆಸರಿನಲ್ಲೇ ಹೊರಟಿತ್ತು. ಈ ತಗಡಿನ ಮೂಲೆಯಲ್ಲಿ ಮೊದಲ ಸಲ ಅವಳದೇ ಹೆಸರಿತ್ತು. ಕೌಂಟ್ ಒಪ್ಪಿದರೆ ಅದು ಉಳಿಯುತ್ತದೆ.

ಕೌಂಟರ ಮನೆವಾರ್ತೆ ನೋಡುವ ತಿಯೊದೋಸಿಯೊ ಮೊದಲ ಪ್ರತಿಗಾಗಿ ಕಾದು ನಿಂತಿದ್ದ. ತಾಮ್ರದ ತಗಡಿಗೆ ಮಸಿ ತಿಕ್ಕಿ, ನೆನೆಸಿದ ಹಾಳೆ ಹೊದಿಸಿ, ಉರುಳೆಗಳ ನಡುವೆ ಹಾಯಿಸಿದರು. ಓರ್ಟೆನ್ಸಿಯಾ ಹಾಳೆಯನ್ನು ತುದಿ ಹಿಡಿದು ಎಬ್ಬಿಸಿದಳು. ಎಡಬಲ ಅದಲುಬದಲಾಗಿತ್ತು. ತಗಡಿನಲ್ಲಿ ಬಲಗಡೆ ಇರುವುದು ಹಾಳೆಯಲ್ಲಿ ಎಡಗಡೆ ಮೂಡುತ್ತದೆ. ತಿರುವಿ ಕೆತ್ತಬೇಕೆಂಬುದು ಈ ಕಸುಬಿನ ಮೊದಲ ಪಾಠ. ಹೆಸರನ್ನು ಅಷ್ಟು ಜೋಪಾನವಾಗಿ ತಿರುವಿ ಕೆತ್ತಿದವಳು ಚಿತ್ರವನ್ನು ತಿರುವಲು ಮರೆತಿದ್ದಳು!

"ಅಯ್ಯೋ ದೇವ್ರೇ! ಕಮ್ಮಾರ ಬಲಗಡೆ, ನಮ್ಮ ಧಣಿ ಎಡಗಡೆನಾ? ಬಾರ್ತೊಲೊ, ಮಗಳ ಕೈಗೆ ಉಳಿ ಕೊಟ್ಟು ನೀನೇನು ನಿದ್ದೆ ಹೊಡೀತಿದ್ಯಾ? ಉಜ್ಜಿಹಾಕು ತಗಡನ್ನ, ನನ್ನ ಕಣ್ಣೆದುರಿಗೇ!"

"ತಪ್ಪಾಯ್ತು ಸ್ವಾಮಿ" ಎಂದ ಬಾರ್ತೊಲೊ. ದೊಡ್ಡವರ ಮುಂದೆ ಅವನ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಹಾಳೆ ನೋಡಲು ಬಗ್ಗಿದವನು ಹಾಗೇ ನಿಂತುಬಿಟ್ಟ.

ಎಂಥಾ ಬೆನ್ನು ಆ ಕಮ್ಮಾರನದು! ಬಾಗಿದ ಹೆಗಲು, ಎದ್ದು ಕಾಣುವ ಬೆನ್ನುಮೂಳೆಯ ಗಂಟುಗಳು, ಅವುಗಳ ಮೇಲೆಲ್ಲ ಕುಲುಮೆಯ ಬೆಳಕು. ಬರೀ ಮಸಿಯ ಗೆರೆಗಳಲ್ಲಿ ಅಷ್ಟೊಂದು ಬೆಳಕು ಎಲ್ಲಿಂದ ಬಂತೋ! ಎಡಬಲದ ಲೆಕ್ಕ ಹಾಕುತ್ತಿದ್ದ ತಿಯೊದೋಸಿಯೊ ಕೂಡ ಬೈಗುಳ ಮರೆತು ಬಾಯಿಬಿಟ್ಟುಕೊಂಡು ನೋಡಿದ.

"ಯಾರದಮ್ಮಾ ಈ ಬೆನ್ನು?" ಎಂದು ಕೇಳಿದ ಬಾರ್ತೊಲೊ.

"ನಿಮ್ದೇ ಅಪ್ಪ. ದಿನಾ ನಿಮ್ಮ ಹಿಂದೇನೇ ಕೂತಿರ್ತೀನಲ್ಲ."

ತನ್ನ ಬೆನ್ನನ್ನು ತಾನೇ ಕಂಡವರು ಯಾರಿದ್ದಾರೆ?  ಮುದುಕನಿಗೆ ಹಾಳೆಯಿಂದ ಕಣ್ಣು ಕೀಳಲಾಗಲಿಲ್ಲ. ಚರ್ಚಿನಲ್ಲಿ ಮಾತ್ರ ತಗ್ಗುತ್ತಿದ್ದ ದನಿಯಲ್ಲಿ, "ನಾನು ಹೀಗಿದೀನಾ?" ಎಂದ.

"ಉಜ್ಜು ಅಂದ್ನಲ್ಲ" ಎಂದ ತಿಯೊದೋಸಿಯೊ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಇಲ್ಲ ಸ್ವಾಮಿ. ಧಣಿಗಳಿಗೆ ಹೊಸ ತಗಡಲ್ಲಿ ಕೆತ್ಕೊಡ್ತೀವಿ, ಅವರಿಗೆ ಎಲ್ಲಿ ಬೇಕೋ ಅಲ್ಲೇ ನಿಲ್ಲಿಸ್ತೀವಿ. ಇದನ್ನ ಮಾತ್ರ ಮುಟ್ಟೋದಿಲ್ಲ. ಇದರಲ್ಲಿ ನನ್ನ ಮಗಳ ಹೆಸರಿದೆ."

ಓರ್ಟೆನ್ಸಿಯಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಬಾರ್ತೊಲೊ ಅವಳತ್ತ ತಿರುಗಿದ.

"ಇನ್ನೊಂದು ಹಾಳೆ ನೆನೆಸಮ್ಮ."