ಜೋಳ ತಿಂದ ಹುಲಿ

ತುಂಗಾಬಾಯಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದಳು. ಅನುಮಾನವೇ ಇರಲಿಲ್ಲ. ಹುಲಿಯ ಮಲದಲ್ಲಿ ಜೋಳದ ಹೊಟ್ಟು! ವಿಜಾಪುರದ ನೀರು ಕುಡಿದವರೆಲ್ಲ ಜೋಳದ ರೊಟ್ಟಿಗೆ ಒಗ್ಗಿಕೊಳ್ಳುತ್ತಾರೆ, ನಿಜ. ಆದರೆ ಹುಲಿಯೂ?

ಅದು ಅರವತ್ತನಾಲ್ಕರ ಚಳಿಗಾಲ. ಸ್ಟೇಷನ್ ಹತ್ತಿರದ ಬಯಲಿನಲ್ಲಿ ಸರ್ಕಸ್ಸೊಂದು ಡೇರೆ ಹಾಕಿತ್ತು. ಅದರ ಹೆಣ್ಣುಹುಲಿ ಚಾಂದನಿ ಎಷ್ಟು ತಿಂದರೂ ಮೈಗೆ ಹತ್ತದೆ ಒಣಗುತ್ತಿತ್ತು. ಮುಂದಿನ ಊರಿಗೆ ಹೊರಡುವಷ್ಟರಲ್ಲಿ ಚೇತರಿಸಿಕೊಳ್ಳದಿದ್ದರೆ ಗುಂಡು ಹಾಕಿಸಿ ಚರ್ಮ ಮಾರುವುದಾಗಿ ಮಾಲೀಕ ಹೇಳಿದ್ದ. ಗಿರಾಕಿಯೂ ಗೊತ್ತಾಗಿದ್ದ.

ಆಗೆಲ್ಲ ಹುಲಿಯನ್ನು ಬಲ್ಲವನೆಂದರೆ ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡವನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ ತುಂಗಾಬಾಯಿಯ ಹುಚ್ಚು ಬೇರೆ. ಹುಲಿಯನ್ನು ಮುಟ್ಟದೆ, ಹೆದರಿಸದೆ, ಅದು ಹಿಂದೆ ಬಿಟ್ಟುಹೋದದ್ದರಿಂದಲೇ ಅದರ ಊಟ, ರೋಗ ಎಲ್ಲ ತಿಳಿಯಬಹುದು, ಸರ್ಕಸ್ಸಿನಲ್ಲಿ ಕಲಿತದ್ದು ನಾಳೆ ದಾಂಡೇಲಿಯ ಕಾಡಿನಲ್ಲೂ ಕೆಲಸಕ್ಕೆ ಬಂದೀತು ಎಂದು ಅವಳ ಲೆಕ್ಕ. ಹುಡುಗಿ ಇಷ್ಟೆಲ್ಲ ಓದಿ ಕೊನೆಗೆ ಹುಲಿ ಹೇಲು ಆರಿಸುವ ನೌಕರಿ ಹಿಡಿದಳೆಂದು ಜೋರಾಪುರ ಪೇಟೆಯ ನೆರೆಹೊರೆಗೆ ಮರುಕ.

ಚಾಂದನಿಗೆ ಹೊಟ್ಟೆಹುಳು ಎಂದು ಅವಳ ಗುಮಾನಿ. ತಿಕೋಟಾದ ದನದ ದವಾಖಾನೆಯ ಡಾಕ್ಟರ್ ಹಣಮಂತರಾಯರು ಔಷಧ ಕೊಡಲು ಒಪ್ಪಿದ್ದರು, ಒಂದು ಷರತ್ತಿನ ಮೇಲೆ.

"ಹುಳದ ತತ್ತಿ ತೋರಸ್ರಿ ಬಾಯಾರ, ಔಷಧ ಹಾಕತೀನಿ. ಸುಮ್ಮಸುಮ್ಮನ ಹಾಕಿ, ಇಷ್ಟು ಬಡಕಲಾದ ಹುಲಿ ಸತ್ತರ, ಎಮ್ಮಿ ಡಾಕ್ಟರ್ ಹುಲಿ ಕೊಂದಾನಂತ ತಿಕೋಟಾದಾಗ ನನ್ನ ಮೆರವಣಿಗಿ ಮಾಡತಾರ."

ತತ್ತಿಯ ಸುಳಿವೇ ಇಲ್ಲ, ಕಂಡದ್ದು ಜೋಳ. ತುಂಗಾಬಾಯಿ ನೆಟ್ಟಗೆ ಸರ್ಕಸ್ಸಿನ ಡೇರೆಗೆ ಹೋದಳು. ಹುಲಿಯನ್ನು ನೋಡಿಕೊಳ್ಳುವ ಗೈಬುಸಾಬ ಎಂದಿನಂತೆ ಅವಳಿಗೆ ಸ್ಟೂಲು ಹಾಕಿ, ಅದರ ಧೂಳು ಒರೆಸಿದ. ಮುತ್ತಲ ಎಲೆಯಲ್ಲಿ ಸುತ್ತಿ, ದಾರ ಕಟ್ಟಿದ ಅಂದಿನ ಮಲದ ಪೊಟ್ಟಣವನ್ನು ಎರಡೂ ಕೈಯಿಂದ ಕೊಟ್ಟ.

"ಗೈಬುಸಾಬ, ಚಾಂದನಿ ರೊಟ್ಟಿ ತಿಂತದೇನು?"

"ತೌಬಾ! ಮಾಂಸ ಬಿಟ್ಟು ಬ್ಯಾರೆ ಏನೂ ಮೂಸಿ ಸುದ್ದಾ ನೋಡಂಗಿಲ್ರಿ."

"ಹಂಗಾರ ಇದರಾಗ ಜ್ವಾಳಾ ಎಲ್ಲಿಂದ ಬಂತು?"

ಗೈಬುಸಾಬ ಡೇರೆಯ ಗೂಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅಷ್ಟರಲ್ಲಿ ಗಾಡಿಯ ಕೆಳಗಿನಿಂದ ನಾಯಿಯೊಂದು ಬಾಯಲ್ಲಿ ಅರ್ಧ ರೊಟ್ಟಿ ಕಚ್ಚಿಕೊಂಡು ಬಂದು ಬಾಲ ಅಲ್ಲಾಡಿಸಿತು.

"ಇದು... ಇದು ನಾಯೀದಾ?"

"ಭಾಳ ಒಳ್ಳೆ ನಾಯಿ ರೀ," ಎಂದ ಗೈಬುಸಾಬ. "ನೀವು ಈ ಚಳಿಯಾಗ ನಡಕೋತ ಬರತೀರಿ. ಖಾಲಿ ಕೈಲೆ ಹೆಂಗ ಕಳಸೂದು? ಮನಸ್ಸು ಒಪ್ಪಲಿಲ್ರಿ."

"ಹುಲೀದು ಎಲ್ಲಿ ಹೋತು?"

"ಸಾರವಾಡಕ್ಕ ರೀ. ರುಕ್ಮವ್ವ ಬಂದು ಒಯ್ಯತಾಳ. ಅಕಿ ಹೊಲಕ್ಕ ಚಿಗರಿ ಕಾಟ. ಹುಲಿ ವಾಸನಿಗೆ ಅವು ಓಡತಾವಂತ. ಒಬ್ಬಾಕೀನ ದುಡಿಯೂ ಹೆಣ್ಣಮಗಳು, ಪಾಪ. ನನಗೂ ರೊಟ್ಟಿ, ಶೇಂಗಾ ಚಟ್ನಿ ತರತಾಳ. ಉಳದದ್ದು ನಾಯಿಗೆ ಹಾಕತೀನಿ."

ಅಂದರೆ ರುಕ್ಮವ್ವ ಬಡಿದ ರೊಟ್ಟಿ ನಾಯಿಯ ಹೊಟ್ಟೆ ದಾಟಿ ಕಾಲೇಜಿನ ಗಾಜಿನ ಮೇಲೆ ಬಂದು ಕೂತಿತ್ತು. ತುಂಗಾಬಾಯಿಗೆ ಸಿಟ್ಟು ಬರಬೇಕಿತ್ತು. ಅಷ್ಟು ನಾಜೂಕಾಗಿ ಕಟ್ಟಿದ ಪೊಟ್ಟಣ ಕೈಯಲ್ಲಿರುವಾಗ ಬರಲಿಲ್ಲ. ಬಬಲೇಶ್ವರದ ಬಸ್ಸು ಹಿಡಿದು ಸಾರವಾಡದಲ್ಲಿ ಇಳಿದಳು.

ರುಕ್ಮವ್ವನ ಹೊಲದ ಬದುವಿನುದ್ದಕ್ಕೂ ಕೋಲು ನೆಟ್ಟು, ಒಂದೊಂದಕ್ಕೂ ಚಿಂದಿಯ ಗಂಟು ತೂಗಿಬಿಟ್ಟಿತ್ತು.

"ಹುಲಿಗೆ ಜಡ್ಡಾಗೇದ ರುಕ್ಮವ್ವಾ. ಇವತ್ತಿಂದು ಒಂದು ಗಂಟು ಕೊಡು, ನೋಡಬೇಕು."

"ಹುಲಿಗೆ ಜಡ್ಡಾದ್ರ ಹುಲಿ ನೋಡ್ರಿ ಬಾಯಾರ. ಹೇಲಿಗೇನಾಗೇತಿ? ಅದು ಆರಾಮ ಐತಿ."

"ಅಲ್ಲ, ಅದರಾಗ ಹುಳದ ತತ್ತಿ ಇರತಾವ."

"ತತ್ತಿ ನಿಮಗ, ವಾಸನಿ ನಮಗ. ಒಂದು ಗಂಟು ಬಿಚ್ಚಿದ್ರ ಆ ಕಡಿಂದ ಚಿಗರಿ ಹಿಂಡ ಹೊಕ್ಕಾವು. ನಾ ಏನು ತಿನ್ನಲಿ?"

ಅದೂ ನ್ಯಾಯವೇ. ತುಂಗಾಬಾಯಿ ಧಾರವಾಡದ ಪ್ರೊಫೆಸರರಿಗೆ ಹೇಳುವಂತೆ ಸಂಶೋಧನೆಯ ಮಹತ್ವ ವಿವರಿಸಿದಳು. ರುಕ್ಮವ್ವ ಪ್ರೊಫೆಸರರಂತೆಯೇ ಆಕಳಿಸಿದಳು. ಕೊನೆಗೆ ತುಂಗಾಬಾಯಿ ಅಂದಳು, "ಹುಲಿ ಸತ್ತರ ನಾಳಿಗೆ ನೀ ಹೇಲು ಎಲ್ಲಿಂದ ತರತೀ?"

ರುಕ್ಮವ್ವ ನೆಟ್ಟಗೆ ಬದುವಿನತ್ತ ನಡೆದಳು. ಆ ದಿನದ ಗಂಟು ಬಿಚ್ಚಿ, ಒದ್ದೆ ಆರದಂತೆ ಎಲೆಯಲ್ಲಿ ಸುತ್ತಿ ಕೊಟ್ಟಳು. "ಮೊದಲು ಕೈ ತೊಳಕೊಂಡು ಒಂದು ರೊಟ್ಟಿ ತಿನ್ರಿ. ಹಸಗೊಂಡು ಹೋದ್ರ ಕಣ್ಣು ಕಾಣಂಗಿಲ್ಲ, ಇನ್ನ ತತ್ತಿ ಏನು ಕಾಣತಾವು?"

ಅಂದು ಮಧ್ಯಾಹ್ನ ಗಾಜಿನ ಕೆಳಗೆ ತತ್ತಿಗಳ ಸಂತೆ ನೆರೆದಿತ್ತು. ಹೇಳಿಕಳಿಸಿದ್ದಕ್ಕೆ ತಿಕೋಟಾದಿಂದ ಬಂದ ಹಣಮಂತರಾಯರು ಒಂದು ಕಣ್ಣು ಮುಚ್ಚಿ ನೋಡಿ, "ಯಪ್ಪಾ! ಇದು ಹುಲಿ ಅಲ್ರಿ, ಹುಳದ ಧರ್ಮಶಾಲಿ," ಎಂದರು. ಮಾಂಸದ ತುಂಡಿನಲ್ಲಿ ಔಷಧ ಅಡಗಿಸಿ ಹಾಕಿದರು. ಮರುದಿನ ಹೊರಬಿದ್ದ ಹುಳುಗಳನ್ನು ಕಂಡ ಗೈಬುಸಾಬ, ಈ ಸಲ ರಂಜಾನಕ್ಕೆ ಮನೆಯಲ್ಲಿ ಶ್ಯಾವಿಗೆ ಮಾಡಬಾರದೆಂದು ಹೇಳಿ ಕಳಿಸಿದ.

ಚಾಂದನಿ ಚೇತರಿಸಿಕೊಂಡಿತು. ಪಕ್ಕೆ ತುಂಬಿತು, ಬೋನಿನ ಮುಂದೆ ನಿಂತವರನ್ನು ಮತ್ತೆ ಊಟದ ಹಾಗೆ ನೋಡತೊಡಗಿತು. ಮಾಲೀಕ ಗಿರಾಕಿಯನ್ನು ವಾಪಸು ಕಳಿಸಿದ.

ಸರ್ಕಸ್ಸು ಹೊರಡುವ ದಿನ ಹಣಮಂತರಾಯರು ಕೊನೆಯ ಸಲ ನೋಡಲು ಬಂದು ಬೋನಿನ ಹತ್ತಿರ ಬಗ್ಗಿದರು. ಚಾಂದನಿ ಗಂಭೀರವಾಗಿ ತಿರುಗಿ, ಬಾಲ ಎತ್ತಿ, ಅವರ ಕೋಟು, ಟೊಪ್ಪಿಗೆ, ಮೀಸೆ ಎಲ್ಲಕ್ಕೂ ಸಮನಾಗಿ ಸಿಂಪಡಿಸಿತು. ಗೈಬುಸಾಬ ಬಕೆಟ್ಟು ಹಿಡಿದು ಓಡಿಬಂದ. ರೊಟ್ಟಿಗಂಟು ಹೊತ್ತು ಬಂದಿದ್ದ ರುಕ್ಮವ್ವ ಅಡ್ಡ ನಿಂತಳು.

"ನೀರು ಹಾಕಬ್ಯಾಡ ಗೈಬಣ್ಣಾ! ಸಾಹೇಬ್ರ, ನಿಮ್ಮ ಕಾಲಿಗೆ ಬೀಳತೀನಿ, ಹಿಂಗ ಬಂದು ನಮ್ಮ ಬದುವಿನ ಮ್ಯಾಲ ಒಂದು ಸುತ್ತು ಅಡ್ಡ್ಯಾಡಿ ಹೋಗ್ರಿ. ನಾಳಿಂದ ನನಗ ಹುಲಿ ಎಲ್ಲೈತ್ರಿ?"

"ನಾ ತಿಕೋಟಾಕ್ಕ ಹೋಗಬೇಕವ್ವಾ."

"ಈ ವಾಸನಿ ಹೊತಗೊಂಡು ದವಾಖಾನಿಗೆ ಹೋದ್ರ ದನ ಹಗ್ಗ ಹರಕೊಂಡು ಓಡತಾವ್ರಿ."

ಹಣಮಂತರಾಯರು ಸಹಾಯಕ್ಕಾಗಿ ತುಂಗಾಬಾಯಿಯತ್ತ ನೋಡಿದರು. ಅವಳು ಮುಖ ಗಟ್ಟಿ ಮಾಡಿಕೊಂಡು, "ಚಿಗರಿ ಏನು ಮಾಡತಾವ ನೋಡೂ ಹಂಗದ ರೀ," ಎಂದಳು.

ಡಾಕ್ಟರರು ನಿಟ್ಟುಸಿರು ಬಿಟ್ಟು, ಒರೆಸಲೆಂದು ತೆಗೆದ ಕರವಸ್ತ್ರವನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಬಬಲೇಶ್ವರದ ಬಸ್ಸಿನಲ್ಲಿ ಜನ ಅವರಿಗೆ ಹಿಂದಿನ ಸೀಟನ್ನಷ್ಟೇ ಅಲ್ಲ, ಅದರ ಮುಂದಿನ ಎರಡನ್ನೂ ಬಿಟ್ಟುಕೊಟ್ಟರು. ತುಂಗಾಬಾಯಿ ಮಾತ್ರ ಅವರ ಪಕ್ಕದಲ್ಲೇ ಕೂತು, ಮೂಗು ಮುಚ್ಚದೆ ಸಾರವಾಡದವರೆಗೂ ಮಾತಾಡಿದಳು. ಕೂತದ್ದು ಕಿಟಕಿಯ ಕಡೆ.