ಹಳಿ ಬಿಚ್ಚಿದವನು

ಚಿತ್ತವಾಡ್ಗಿಯ ಆ ಓಣಿಗೆ ಪೊಲೀಸರು ಬಂದಾಗ ನೀಲಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಟ್ಟದ ಮೇಲೆ, ಭತ್ತದ ಚೀಲಗಳ ಹಿಂದೆ, ಅವಳ ತಮ್ಮ ಮರಿಸ್ವಾಮಿ ಎರಡು ದಿನದಿಂದ ಅಡಗಿ ಕುಳಿತಿದ್ದ. ಸದ್ದು ನಿಂತರೆ ಅನುಮಾನ ಬಂದೀತೆಂದು, ರೊಟ್ಟಿ ಹರಿದರೂ ಅವಳು ಬಡಿಯುತ್ತಲೇ ಇದ್ದಳು.

ಅದು ೧೯೪೨ರ ಆಗಸ್ಟ್ ಕೊನೆ. ನಾಯಕರನ್ನೆಲ್ಲ ಜೈಲಿಗೆ ಹಾಕಿದ ಸುದ್ದಿ ಕೇಳಿ, ಕಂಪ್ಲಿಯಲ್ಲಿ ಮೇಷ್ಟ್ರಾಗಿದ್ದ ಮರಿಸ್ವಾಮಿ ಕೆಲಸ ಬಿಟ್ಟಿದ್ದ. ಸೊಂಡೂರಿನ ಅದಿರು ಬ್ರಿಟಿಷರ ಯುದ್ಧಕ್ಕೆ ಹೋಗಬಾರದೆಂದು ಚಿತ್ತವಾಡ್ಗಿಯ ಊರಾಚೆ ರೈಲು ಹಳಿಯ ಬೋಲ್ಟು ಬಿಚ್ಚಿದ್ದ. ಆದರೆ ಅದಿರಿನ ಗಾಡಿಗಿಂತ ಮೊದಲು ಹಳಿ ರಿಪೇರಿಯ ಕೂಲಿಗಳ ಟ್ರಾಲಿ ಬಂದು ಮಗುಚಿತು. ನೀಲಗಂಗಮ್ಮನ ಪಕ್ಕದ ಮನೆಯ ಭರಮಣ್ಣನ ಕಾಲು ಮುರಿಯಿತು.

ಜಮಾದಾರ ಹೊಸ್ತಿಲಲ್ಲಿ ನಿಂತ.

"ಯಾರದಾರ ಒಳಗ?"

"ನಾನೊಬ್ಬಾಕಿನ ಅದೀನ್ರಿ. ಮನಿಯವ್ರು ಭತ್ತ ತರಾಕ ಹೋಗ್ಯಾರ."

"ಟೆರರಿಸ್ಟ್ ಒಬ್ಬ ಈ ಕಡೆ ಬಂದಾನ."

"ಹಂಗಂದ್ರ?"

"ಮಂದೀನ ಹೆದರಿಸಿ ಕೊಲ್ಲಾವ. ಅಂಥವನ್ನ ಮನ್ಯಾಗ ಇಟ್ಕೊಂಡಾರಿಗೂ ಜೈಲೇ."

ಕಣ್ಣು ಅಟ್ಟದ ಕಡೆ ಹೋಗದಂತೆ ಅವಳು ಹೆಂಚನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಚೀರಾಟ ಕೇಳಿ ಜಮಾದಾರ ಅತ್ತ ಹೋದ. ಹಳಿಯ ಹತ್ತಿರ ಸಿಕ್ಕ, ಬೋಲ್ಟು ಬಿಚ್ಚುವ ಪಾನಾ ಕೂಲಿಗಳದ್ದೇ, ಅದನ್ನು ಭರಮಣ್ಣನೇ ಕೊಟ್ಟಿರಬೇಕು ಎಂದು ಅವರಿಗೆ ಅನುಮಾನ ಬಂದಿತ್ತು. ಕಟ್ಟು ಹಾಕಿದ ಕಾಲಿನವನನ್ನು ಪೊಲೀಸರು ಹೊರಸಿನ ಸಮೇತ ಹೊತ್ತೊಯ್ದರು.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ದುರುಗವ್ವ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಕ್ಕಾರ, ನಿಮ್ಮ ತಮ್ಮ ಮ್ಯಾಲದಾನ. ನಿನ್ನೆ ನಾನು ಕೆಮ್ಮು ಕೇಳೀನಿ."

ನೀಲಗಂಗಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಅವ ಕೆಟ್ಟಾವಲ್ಲ ದುರುಗವ್ವ. ದೇಶಕ್ಕಂತ ಮಾಡ್ಯಾನ."

"ದೇಶದಾಗ ನಮ್ಮ ಮನಿ ಬರಂಗಿಲ್ಲೇನ್ರಿ?" ದುರುಗವ್ವ ಕೇಳಿದಳು. "ಹೇಳಿದ್ರ ಈ ಓಣಿ ಮಂದಿ ನಮ್ಮನ್ನ ಬಾಳಾಕ ಬಿಡಂಗಿಲ್ಲ. ಹೇಳ್ದಿದ್ರ ಪೊಲೀಸ್ರು ನನ್ನ ಗಂಡನ್ನ ಉಳಸಂಗಿಲ್ಲ. ನಾ ಏನು ಮಾಡ್ಲಿ?"

ಅಟ್ಟದಿಂದ ಮರಿಸ್ವಾಮಿ ಇಳಿದು ಬಂದ. ಕತ್ತಲಾದ ಮೇಲೆ ಸೊಂಡೂರು ಸಂಸ್ಥಾನದ ಗಡಿ ದಾಟುವುದು ಅವನ ಲೆಕ್ಕಾಚಾರ. ಅಲ್ಲಿ ಈ ಪೊಲೀಸರ ಆಟ ಅಷ್ಟಾಗಿ ನಡೆಯುತ್ತಿರಲಿಲ್ಲ. ಏನೋ ಹೇಳಲು ಅವನು ಒಂದು ಹೆಜ್ಜೆ ಮುಂದಿಟ್ಟ. ದುರುಗವ್ವ ಗಾಬರಿಯಿಂದ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ಹೊಡೆತ ತಪ್ಪಿಸಿಕೊಳ್ಳುವವಳಂತೆ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು.

ಮರಿಸ್ವಾಮಿ ಅಲ್ಲೇ ನಿಂತುಬಿಟ್ಟ. ತನ್ನನ್ನು ಕಂಡು ಯಾರಾದರೂ ಹೀಗೆ ಹೆದರಿದ್ದನ್ನು ಅವನು ಎಂದೂ ನೋಡಿರಲಿಲ್ಲ.

"ಯವ್ವಾ, ನಾ ನಿನಗ ಏನೂ ಮಾಡಂಗಿಲ್ಲ," ಅಂದ. ಅವಳು ಕೈ ತೆಗೆಯಲಿಲ್ಲ.

ಅವನು ಅಂಗಿ ಹಾಕಿಕೊಂಡ. "ಬ್ಯಾಡೋ, ಗಲ್ಲಿಗೆ ಹಾಕ್ತಾರೋ," ಎಂದು ಅಕ್ಕ ತೋಳು ಹಿಡಿದಳು.

"ನನಗೂ ಭಾಳ ಅಂಜಿಕಿ ಆಗೇತಿ, ಅಕ್ಕಾ," ಎಂದು ಮೆಲ್ಲಗೆ ಅವಳ ಬೆರಳು ಬಿಡಿಸಿಕೊಂಡು ಠಾಣೆಯ ಕಡೆ ನಡೆದ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

ಮೂರನೆಯ ದಿನ ಭರಮಣ್ಣನನ್ನು ಬಿಟ್ಟರು. ಅವನ ಮುರಿದ ಕಾಲಿನ ಮೂಳೆ ಮತ್ತೆ ಕೂಡಿಕೊಳ್ಳಲೇ ಇಲ್ಲ. ಮರಿಸ್ವಾಮಿ ಬಳ್ಳಾರಿ ಜೈಲಿನಲ್ಲಿ ಮೂರು ವರ್ಷ ಕಳೆದು ಬಂದಾಗ ಸ್ಟೇಷನ್ನಿನಲ್ಲಿ ಜನ ಹಾರ ಹಾಕಿ ಜೈಕಾರ ಕೂಗಿದರು. ಆ ಹಾರ ತೆಗೆದಿಟ್ಟು ಅವನು ಮೊದಲು ಹೋದದ್ದು ಭರಮಣ್ಣನ ಮನೆಗೆ. ದುರುಗವ್ವ ಬಾಗಿಲು ತೆರೆದಳು, "ಆರಾಮ ಅದೀರೇನ್ರಿ" ಎಂದು ಕೇಳಿದಳು. ಒಳಗೆ ಬರ್ರಿ ಅನ್ನಲಿಲ್ಲ.