ಹಾರ್ಮ್ ಮೇಷ್ಟ್ರ ಕಿತ್ತಳೆ ಕೊಡೆ

ನಾನು ಒಂದು ಕೊಡೆ. ಬಣ್ಣ ಕಿತ್ತಳೆ, ಕಡ್ಡಿ ಎಂಟು, ಹಿಡಿ ಮರದ್ದು. ಕಾರ್ಖಾನೆಯಲ್ಲಿ ನನಗೆ ಕೊನೆಯ ಹೊಲಿಗೆ ಹಾಕಿದ ಹೆಂಗಸು ಒಮ್ಮೆ ಬಿಚ್ಚಿ ನೋಡಿ, "ಇದು ಎಂಥ ಮಳೆಗೂ ಜಗ್ಗಲ್ಲ" ಅಂದಳು. ಆ ಮಾತು ನಂಬಿ ಕೆಟ್ಟೆ. ಮಳೆಗೆಂದು ಹುಟ್ಟಿದ ನಾನು ಬಾಳೆಲ್ಲ ಮುಚ್ಚಿಕೊಂಡೇ ದುಡಿದೆ.

ಮೊದಲು ನನ್ನನ್ನು ಕೊಂಡವನು ಯೋರಿಟ್ ಎಂಬ ವಿದ್ಯಾರ್ಥಿ. ಊರು ಡಚ್ಚರ ನಾಡಿನ ಗ್ರೋನಿಂಗೆನ್. ಅಲ್ಲಿ ಎತ್ತ ನೋಡಿದರೂ ಸೈಕಲ್ಲು, ಎತ್ತ ನೋಡಿದರೂ ಕಾಲೇಜು ಹುಡುಗರು. ಬಾರುಗಳಿಗೆ ಬಾಗಿಲು ಹಾಕುವ ಹೊತ್ತೆಂಬುದೇ ಇಲ್ಲ. ಸೈಕಲ್ ತುಳಿಯುವವನಿಗೆ ಕೊಡೆ ಯಾಕೆ ಹೇಳಿ? ನನ್ನಿಂದ ಮೇಜು ಕುಟ್ಟುತ್ತಾ ಹಾಡಿದ, ಗೆಳೆಯರ ಜೊತೆ ಕತ್ತಿವರಸೆ ಆಡಿದ, ಕಡೆಗೆ ಒಂದು ಬಾರಿನಲ್ಲಿ ಮರೆತು ಹೋದ. ಬಿಯರಿನ ವಾಸನೆಯಲ್ಲಿ ಎರಡು ವರ್ಷ ಮೂಲೆ ಹಿಡಿದೆ.

ಅಲ್ಲಿಗೆ ಬಂದವರು ಹಾರ್ಮ್. ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರು; ಪ್ರವಾಸಿಗರಿಗೆ ಊರು ತೋರಿಸುವ ಗೈಡು. "ಒಯ್ಯಿರಿ ಮೇಷ್ಟ್ರೇ, ದೂರಕ್ಕೂ ಕಾಣುತ್ತೆ" ಎಂದು ಬಾರಿನವನು ನನ್ನನ್ನು ದಾಟಿಸಿಬಿಟ್ಟ.

ಅಂದಿನಿಂದ ಮೇಷ್ಟ್ರು ನನ್ನನ್ನು ತಲೆಯ ಮೇಲೆ ಎತ್ತಿ ಹಿಡಿದು ಮುಂದೆ, ಜನ ಹಿಂದೆ. ವಿಶ್ವವಿದ್ಯಾಲಯ, ಮ್ಯೂಸಿಯಂ, ಮೀನು ಮಾರುಕಟ್ಟೆ, ಕೊನೆಗೆ ಆ ಎತ್ತರದ ಮಾರ್ಟಿನಿ ಗೋಪುರ. ಅಲ್ಲೊಂದು ಜೋಕು: "ಊರಿನವರು ಈ ಗೋಪುರವನ್ನು ಮುದುಕ ಅಂತಾರೆ. ಮನೆಯಲ್ಲಿ ನನಗೂ ಅದೇ ಹೆಸರು. ಆದರೆ ನನ್ನನ್ನು ನೋಡೋಕೆ ಯಾರೂ ಬರಲ್ಲ!" ಸಾವಿರ ಸಲ ಕೇಳಿ ನನಗೆ ಸಾಕುಸಾಕಾಯಿತು. ಮಳೆ ಬಂದರೂ ನನ್ನನ್ನು ಬಿಚ್ಚುತ್ತಿರಲಿಲ್ಲ. "ಬಿಚ್ಚಿದರೆ ಎಲ್ಲ ಕೊಡೆಯೂ ಒಂದೇ, ಗುಂಪು ಚೆದರುತ್ತೆ" ಎನ್ನುತ್ತಾ ರೇನ್‌ಕೋಟಿನ ಟೊಪ್ಪಿ ಎಳೆದುಕೊಳ್ಳುತ್ತಿದ್ದರು.

ಆಮೇಲೆ ಅವರ ಹೆಂಡತಿ ಫೆನ್ನಾಗೆ ಮರೆವಿನ ಕಾಯಿಲೆ ಹತ್ತಿತು. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲ. ಮೇಷ್ಟ್ರು ಆಕೆಯನ್ನೂ ಗುಂಪಿನೊಳಗೆ ಸೇರಿಸಿಕೊಂಡರು. "ಏನೇ ಆಗಲಿ, ಕಿತ್ತಳೆ ಕೊಡೆಯ ಹಿಂದೇನೇ ಬಾ, ಫೆನ್ನಾ." ಹುಟ್ಟಿ ಬೆಳೆದ ಊರನ್ನು ಆಕೆ ಹೊಸಬರ ಹಾಗೆ ಕಣ್ಣರಳಿಸಿ ನೋಡುತ್ತಿದ್ದರು. ಅದೇ ಜೋಕಿಗೆ ಪ್ರತಿ ವಾರವೂ ನಗುತ್ತಿದ್ದರು. ಆ ನಗು ಕೇಳಿದಾಗ ಮಾತ್ರ ನನ್ನ ಆಯಾಸ ಇಳಿಯುತ್ತಿತ್ತು.

ಒಂದು ಏಪ್ರಿಲ್, ರಾಜನ ಹುಟ್ಟುಹಬ್ಬ. ಅವತ್ತು ಇಡೀ ಊರು ರಾಜಮನೆತನದ ಬಣ್ಣವಾದ ಕಿತ್ತಳೆ ತೊಡುತ್ತದೆ: ಅಂಗಿ, ಟೊಪ್ಪಿ, ನಾಯಿಯ ಕೊರಳಪಟ್ಟಿ ಕೂಡ. ಊರಿನ ಚರಿತ್ರೆಯೆಲ್ಲ ಬಾಯಿಪಾಠವಿದ್ದ ಮೇಷ್ಟ್ರಿಗೆ ಇದೊಂದು ಹೊಳೆಯಲಿಲ್ಲ ನೋಡಿ! ಮೀನು ಮಾರುಕಟ್ಟೆಯಲ್ಲಿ ತಿರುಗಿ ನೋಡಿದರೆ ಫೆನ್ನಾ ಇಲ್ಲ. ಬೇರೆ ಯಾವುದೋ ಕಿತ್ತಳೆಯ ಹಿಂದೆ ಹೋಗಿಬಿಟ್ಟಿದ್ದರು. ಕಾಲುವೆ ಅಲ್ಲಿಂದ ದೂರವಿಲ್ಲ, ಅದರ ಅಂಚಿಗೆ ತಡೆಯೂ ಇಲ್ಲ. ಮೇಷ್ಟ್ರು ಗುಂಪನ್ನು ಅಲ್ಲೇ ಬಿಟ್ಟು, ಹೆಸರು ಕೂಗುತ್ತಾ ಗಲ್ಲಿಗಲ್ಲಿ ಓಡಿದರು.

ಮಾರ್ಟಿನಿ ಗೋಪುರದ ಚೌಕಕ್ಕೆ ಬರುವಷ್ಟರಲ್ಲಿ ಮಳೆ ಸುರಿಯಿತು. ಚೌಕದ ತುಂಬ ಕಿತ್ತಳೆ ಕೊಡೆಗಳು ಪಟಪಟನೆ ಬಿಚ್ಚಿಕೊಂಡವು. ಮೇಷ್ಟ್ರು ಗೋಪುರದ ಬುಡದಲ್ಲಿದ್ದ ಬೆಂಚು ಹತ್ತಿ, ನನ್ನನ್ನು ಮುಚ್ಚಿದಂತೆಯೇ ಎತ್ತಿ ಹಿಡಿದು ನಿಂತರು. ಅಷ್ಟು ಮಳೆಯಲ್ಲಿ ಮುಚ್ಚಿದ ಕೊಡೆ ನಾನೊಂದೇ. ಎಷ್ಟು ಹೊತ್ತು ನಿಂತರೋ, ತೋಳು ಸೋತರೂ ಇಳಿಸಲಿಲ್ಲ.

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಕೊಡೆ ಇಟ್ಕೊಂಡು ನೆನೀತಿದ್ದೀರಲ್ಲ!"

ಫೆನ್ನಾ! ತೊಯ್ದು ತೊಪ್ಪೆಯಾಗಿದ್ದರು. ಮೇಷ್ಟ್ರು ಕೆಳಗಿಳಿದರು. ಅಂದು ಮೊದಲ ಸಲ ನನ್ನನ್ನು ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದರು. ಮಳೆ ನನ್ನ ಮೇಲೆ ಬಿತ್ತು, ಕೆಳಗಿದ್ದವರ ಮೇಲೆ ಬೀಳಲಿಲ್ಲ. ಹುಟ್ಟಿದ್ದಕ್ಕೂ ಸಾರ್ಥಕವಾಯಿತು ಅನ್ನಿಸಿತು.

ಫೆನ್ನಾ ಮೇಷ್ಟ್ರ ಮುಖವನ್ನೇ ನೋಡಿದರು. ಗುರುತು ಸಿಗಲಿಲ್ಲ. "ಮುಂದೆ ಯಾವ ಜಾಗ ತೋರಿಸ್ತೀರಿ?"

"ಇನ್ನೊಂದೇ ಉಳಿದಿದೆ" ಅಂದರು ಮೇಷ್ಟ್ರು. "ನಮ್ಮ ಮನೆ."

ಈಗ ನಾನು ಆ ಮನೆಯ ಬಾಗಿಲ ಮೂಲೆಯಲ್ಲಿದ್ದೇನೆ. ಎರಡು ಕಡ್ಡಿ ಮುರಿದಿವೆ, ಬಣ್ಣ ಹೋಗಿದೆ. ಮೇಷ್ಟ್ರು ಗೈಡ್ ಕೆಲಸ ಬಿಟ್ಟರು. ಇನ್ನಾದರೂ ವಿಶ್ರಾಂತಿ ಅಂದುಕೊಂಡೆ, ಎಲ್ಲಿಯ ವಿಶ್ರಾಂತಿ! ಫೆನ್ನಾಗೆ ಈಗ ಅಡುಗೆಮನೆಯ ದಾರಿಯೂ ಮರೆತಿದೆ. ಊಟದ ಹೊತ್ತಿಗೆ ಮೇಷ್ಟ್ರು ನನ್ನನ್ನು ಎತ್ತಿ ಹಿಡಿದು, "ಎಲ್ಲರೂ ಹಿಂದೆ ಬನ್ನಿ" ಅನ್ನುತ್ತಾರೆ. ಎಲ್ಲರೂ ಅಂದರೆ ಆಕೆಯೊಬ್ಬರೇ. ಹತ್ತು ಹೆಜ್ಜೆಯ ದಾರಿ. ನಡುವೆ ನಿಂತು ಮೇಷ್ಟ್ರು ಅದೇ ಜೋಕು ಹೇಳುತ್ತಾರೆ.

ನನಗೂ ದಣಿವಾಗಿದೆ. ಆದರೂ ಆ ನಗು ಬರುವವರೆಗೆ ನೆಟ್ಟಗೆ ನಿಂತಿರುತ್ತೇನೆ.